ಚಪ್ಪಲಿ ಬಿಡುವ ಜಾಗ

ಕಳೆದ ಬೇಸಿಗೆಯಲ್ಲಿ ನಮ್ಮ ಸಭೆಯ ಒಬ್ಬ ಅಜ್ಜಿ ತೀರಿಕೊಂಡರು. ಮುಕ್ಕುಂದದಿಂದ, ಹೊಳೆದಂಡೆಯ ಹಳ್ಳಿಗಳಿಂದ, ಕಾಲುವೆ ಮೇಲಿನ ಕ್ಯಾಂಪುಗಳಿಂದ ಜನ ಬಂದು ಚರ್ಚು ತುಂಬಿತ್ತು. ಅಜ್ಜಿ ಸಾಕಿ ಬೆಳೆಸಿದ ಮೊಮ್ಮಗ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದಿದ್ದ. ಒಳಗೆ ಬರಲಿಲ್ಲ. ಬಾಗಿಲ ಹೊರಗೆ, ಎಲ್ಲರೂ ಚಪ್ಪಲಿ ಬಿಟ್ಟ ಕಡೆ, ಗೋಡೆಗೆ ಆತು ನಿಂತಿದ್ದ. ಒಳಗೆ ಕೀರ್ತನೆ ಎದ್ದಾಗ ಅವನ ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಿದ್ದವು. ಕಿಟಕಿ ಪಕ್ಕ ಕೂತಿದ್ದ ನಾನು ಅದನ್ನು ನೋಡಿದೆ. ಹನ್ನೆರಡನೇ ವಯಸ್ಸಿನಿಂದ ಆ ಚರ್ಚಿನ ಢೋಲಕ್ ಬಾರಿಸಿದವನು ಅವನೇ. ಈಗ ಆ ಢೋಲಕ್ ಮೂಲೆಯ ಮೊಳೆಗೆ ನೇತುಬಿದ್ದಿದೆ. ಅಜ್ಜಿ ಹಳೆ ಸೀರೆ ಹರಿದು ಹೊಲಿದ ಗವಸು ಹಾಗೇ ಇದೆ. ಒಂದು ಬದಿಯ ಚರ್ಮವನ್ನು ಇಲಿ ಕಡಿದಿದೆ.

ಹೊರಗೆ ಬಂದಾಗ ಅವನೇ ಮಾತಾಡಿಸಿದ. "ವಂದನೆ ಅಕ್ಕೋರೆ, ಆರಾಮ ಅದೀರಿ?" ಸಂಡೇ ಸ್ಕೂಲಿನಲ್ಲಿ ಅವನಿಗೆ ಪಾಠ ಹೇಳಿದವಳು ನಾನು. "ಊಟ ಮಾಡ್ಕೊಂಡು ಹೋಗಪ್ಪ" ಅಂದೆ. ಒಳಗ ಬಾ ಅನ್ನುವ ಮಾತು ಮಾತ್ರ ನನ್ನ ಬಾಯಿಂದ ಬರಲಿಲ್ಲ.

ಅವನು ಮಾಡಿದ್ದಿಷ್ಟು. ಮನೆಯಲ್ಲಿ ಹೆಣ್ಣು ನೋಡಲು ಹೊರಟಾಗ, ತನ್ನ ಮನಸ್ಸು ಹೆಣ್ಣಿನ ಕಡೆ ಇಲ್ಲ, ಒಬ್ಬ ಹುಡುಗನನ್ನು ಪ್ರೀತಿಸುತ್ತೇನೆ ಎಂದು ತಾಯಿಗೆ ನಿಜ ಹೇಳಿದ. ಒಂದು ಹೆಣ್ಣಿನ ಬಾಳು ಕೆಡಿಸಲಾರೆ ಅಂದ. ಸುಳ್ಳು ಹೇಳಿ ಮದುವೆಯಾಗಿದ್ದರೆ ಇದೇ ಚರ್ಚಿನಲ್ಲಿ ಅವನ ತಲೆ ಮೇಲೆ ಅಕ್ಷತೆ ಹಾಕಿ ಆಶೀರ್ವಾದ ಮಾಡುತ್ತಿದ್ದೆವು. ನಿಜ ಹೇಳಿದ್ದಕ್ಕೆ ಮೂರು ರಾತ್ರಿ ಉಪವಾಸ ಪ್ರಾರ್ಥನೆ ನಡೆಯಿತು. ದೆವ್ವ ಬಿಡಿಸುತ್ತೇವೆಂದು ಹಿರಿಯರು ಅವನ ತಲೆ ಒತ್ತಿ ಹಿಡಿದರು. ಆಮೇಲೆ ಕಮಿಟಿ ಕೂತು, ಇವನು ಪಶ್ಚಾತ್ತಾಪ ಪಡುವ ತನಕ ಕರ್ತನ ಭೋಜನ ಕೊಡಬಾರದೆಂದು ನಿರ್ಣಯ ಬರೆಯಿತು. ಅಂದು ಎತ್ತಿದ ಕೈಗಳಲ್ಲಿ ನನ್ನದೂ ಒಂದು. ಈ ಪಾಪವನ್ನು ಬಚ್ಚಿಟ್ಟುಕೊಂಡು ಇನ್ನೊಬ್ಬರಿಗೆ ಕರೆ ಕೊಡುವ ಯೋಗ್ಯತೆ ನನಗಿಲ್ಲ. ಅದಕ್ಕೇ ಮೊದಲು ಹೇಳಿಬಿಟ್ಟೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಸಭೆಗಳ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಾವು ಈ ಚರ್ಚಿನ ಒಳಗೆ ಹೇಗೆ ಬಂದವರು ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ನಮ್ಮ ತಾತನಿಗೆ ಊರ ಚಾ ಹೋಟೆಲಿನಲ್ಲಿ ಬೇರೆ ಗ್ಲಾಸು ಇತ್ತು. ಹೊರಗೆ, ಚಪ್ಪರದ ಗಳಕ್ಕೆ ಸಿಕ್ಕಿಸಿರುತ್ತಿದ್ದರು. ತಾತ ತಾನೇ ಅದನ್ನು ತೆಗೆದು, ತಾನೇ ತೊಳೆದು, ಚಪ್ಪಲಿ ಬಿಡುವ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ಕುಡಿದು, ಮತ್ತೆ ತೊಳೆದು ಅಲ್ಲೇ ಸಿಕ್ಕಿಸಿ ಬರಬೇಕಿತ್ತು. ಅಂಥ ಮನುಷ್ಯನಿಗೆ ಮೊದಲ ಸಲ ಎಲ್ಲರ ಬಾಯಿಗೆ ತಾಕಿದ ಬಟ್ಟಲು ಕೈಗೆ ಬಂದದ್ದು ಚರ್ಚಿನಲ್ಲಿ, ಕರ್ತನ ಭೋಜನದ ಹೊತ್ತಿಗೆ. ಆ ದಿನ ಅವರ ಕೈ ನಡುಗಿತ್ತಂತೆ. ಚೆಲ್ಲಿದರೆ ಬೈಯುತ್ತಾರೇನೋ ಎಂದು ಪಾದ್ರಿ ಅಯ್ಯನವರ ಮುಖ ನೋಡಿದರಂತೆ. ಅಯ್ಯನವರು ಬೈಯಲಿಲ್ಲ, ತಾವೂ ಅದರಲ್ಲೇ ಕುಡಿದರು. ಸಾಯುವ ತನಕ ತಾತ ಈ ಕತೆ ಹೇಳುತ್ತಿದ್ದರು. ದೇವಶಾಸ್ತ್ರ ಅವರಿಗೆ ತಿಳಿಯದು. ಒಂದೇ ಬಟ್ಟಲು ಎಂಬುದು ತಿಳಿದಿತ್ತು.

ಅದೇ ಬಟ್ಟಲನ್ನು ಅವರ ಮೊಮ್ಮಕ್ಕಳಾದ ನಾವು ನಮ್ಮ ಮಗನ ಕೈಗೆ ಕೊಡಲಿಲ್ಲ. ಅವನಿಗೆ ಬೇರೆ ಗ್ಲಾಸನ್ನೂ ಇಡಲಿಲ್ಲ. ಹೊರಗೆ ನಿಲ್ಲಿಸಿದೆವು.

ಸತ್ಯವೇದದಲ್ಲಿ ಹಾಗೇ ಬರೆದಿದೆಯಲ್ಲ ಅನ್ನುತ್ತೀರಿ. ಸೊದೋಮಿನ ಕತೆ ತೆಗೆಯುತ್ತೀರಿ. ಸೊದೋಮಿನ ಪಾಪ ಏನೆಂದು ಯೆಹೆಜ್ಕೇಲನ ಹದಿನಾರನೇ ಅಧ್ಯಾಯ ಬಿಡಿಸಿ ಹೇಳುತ್ತದೆ: ಸೊಕ್ಕು, ಹೊಟ್ಟೆ ತುಂಬಿದವರ ನೆಮ್ಮದಿ, ಬಡವರ ಕೈ ಹಿಡಿಯದ ಕಲ್ಲುಮನಸ್ಸು. ಯಾಜಕಕಾಂಡದ ವಚನ ತೋರಿಸುತ್ತೀರಿ. ಅದೇ ಯಾಜಕಕಾಂಡ ಬಡ ಸಹೋದರನಿಂದ ಬಡ್ಡಿ ತಗೊಳ್ಳಬಾರದು ಅನ್ನುತ್ತದೆ. ನಾಟಿ ಕಾಲಕ್ಕೆ ಬಡ್ಡಿಗೆ ದುಡ್ಡು ಬಿಡುವವರನ್ನು ಯಾವ ಸಭೆ ಹೊರಗೆ ನಿಲ್ಲಿಸಿದೆ? ರೋಮಾಪುರದವರಿಗೆ ಪೌಲನು ಬರೆದ ಮಾತು ಕಠಿಣವಾಗಿದೆ, ಒಪ್ಪುತ್ತೇನೆ. ಪಂಡಿತರು ಅದರ ಬಗ್ಗೆ ಇನ್ನೂ ವಾದಿಸುತ್ತಿದ್ದಾರೆ. ಆದರೆ ಅಲ್ಲಿನ ಪಾಪಗಳ ಪಟ್ಟಿಯನ್ನು ಮುಗಿಸಿದ ಕೂಡಲೇ ಪೌಲನು ಎರಡನೇ ಅಧ್ಯಾಯದ ಮೊದಲಲ್ಲೇ ತಿರುಗಿ ನಿಂತು, ತೀರ್ಪು ಕೊಡಲು ಕೂತವನ ಕಡೆ ಬೆರಳು ತೋರಿಸುತ್ತಾನೆ. ನಮ್ಮ ಪ್ರಸಂಗಗಳು ಮೊದಲನೇ ಅಧ್ಯಾಯಕ್ಕೇ ನಿಂತುಬಿಡುತ್ತವೆ.

ಅಪೊಸ್ತಲರ ಕೃತ್ಯಗಳ ಎಂಟನೇ ಅಧ್ಯಾಯದಲ್ಲಿ ಐಥಿಯೋಪ್ಯದ ಕಂಚುಕಿ, ಅಂದರೆ ಬೀಜ ತೆಗೆದ ಗಂಡಸು, ಬರುತ್ತಾನೆ. ಅವನು ಸಲಿಂಗಿಯಾಗಿದ್ದ ಎಂದು ನಾನು ಹೇಳುತ್ತಿಲ್ಲ. ಆದರೆ ದೇಹದ ಕಾರಣಕ್ಕೆ ಅಂಥವನನ್ನು ಸಭೆಯಿಂದ ದೂರವಿಡುವ ಕಟ್ಟಳೆ ಧರ್ಮೋಪದೇಶಕಾಂಡದಲ್ಲಿತ್ತು. ಅವನು ರಥದಲ್ಲಿ ಓದುತ್ತಾ ಬಂದದ್ದು ಯೆಶಾಯನ ಸುರುಳಿಯನ್ನು. ಕಂಚುಕಿಯರಿಗೂ ದೇವರ ಮನೆಯೊಳಗೆ ಜಾಗವಿದೆ ಎಂದು ಮುಂದೆ ಐವತ್ತಾರನೇ ಅಧ್ಯಾಯದಲ್ಲಿ ಹೇಳುವ ಪ್ರವಾದಿ ಅದೇ ಯೆಶಾಯ. ದಾರಿಯಲ್ಲಿ ನೀರು ಕಂಡಿತು, ತನಗೆ ದೀಕ್ಷಾಸ್ನಾನ ಮಾಡಿಸಲು ಅಡ್ಡಿಯೇನೆಂದು ಅವನು ಕೇಳಿದ. ಅವನಿಗೆ ಸುವಾರ್ತೆ ಹೇಳುತ್ತಿದ್ದ ಫಿಲಿಪ್ಪ ಕಮಿಟಿ ಕರೆಯಲಿಲ್ಲ, ಅವನ ಜೊತೆ ನೀರಿಗಿಳಿದ. ನಮ್ಮಲ್ಲಿ ಎಷ್ಟೋ ಮಂದಿ ತುಂಗಭದ್ರೆಯಲ್ಲಿ ಮುಳುಗಿ ಎದ್ದವರು. ಆ ನೀರು ಯಾರನ್ನು ಏನು ಕೇಳಿತ್ತು?

ಈ ಸೀಮೆಯ ಕ್ರೈಸ್ತರ ಬೇರು ನಿನ್ನೆ ಮೊನ್ನೆಯದಲ್ಲ. ಮುದಗಲ್ಲಿನ ಕಥೋಲಿಕ ಚರ್ಚಿಗೆ ಹದಿನಾರನೇ ಶತಮಾನದ ಇತಿಹಾಸವಿದೆ. ಹೊಳೆಯಾಚೆ ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಸತ್ಯವೇದವನ್ನು ನಮ್ಮ ಮಾತಿಗೆ ತಂದರು. ಆ ಕಾಲಕ್ಕೆ ನಮ್ಮವರನ್ನು ಅಕ್ಷರದ ಹತ್ತಿರ ಬಿಟ್ಟುಕೊಳ್ಳುವವರೇ ಇರಲಿಲ್ಲ. ಹೊರಗಿನವರನ್ನು ಒಳಗೆ ಕರೆದ ಕತೆಯೇ ನಮ್ಮ ಚರಿತ್ರೆ.

ದೇಶದ ಕಾನೂನಿಗೂ ಬರುತ್ತೇನೆ. ಸಲಿಂಗಿಗಳನ್ನು ಅಪರಾಧಿಗಳನ್ನಾಗಿ ಮಾಡಿದ 377ನೇ ಕಲಮು ಬ್ರಿಟಿಷರು 1860ರಲ್ಲಿ ತಂದದ್ದು. 2009ರಲ್ಲಿ ದೆಹಲಿ ಹೈಕೋರ್ಟು ಅದರ ಹಲ್ಲು ಕಿತ್ತಾಗ ಮೇಲ್ಮನವಿ ಹಿಡಿದು ಸುಪ್ರೀಂ ಕೋರ್ಟಿಗೆ ಓಡಿದವರಲ್ಲಿ ಕ್ರೈಸ್ತ ಸಂಘಟನೆಗಳೂ ಇದ್ದವು. 2013ರಲ್ಲಿ ಆ ಕಲಮು ಮರಳಿ ಬಂತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಒಪ್ಪಿತ ಸಂಬಂಧ ಅಪರಾಧವಲ್ಲವೆಂದು ತೀರ್ಪು ಕೊಟ್ಟಿತು. ನಮ್ಮ ಮಕ್ಕಳನ್ನು ಜೈಲಿಗೆ ಕಳಿಸಲು ಅರ್ಜಿ ಹಾಕಿದವರಲ್ಲಿ ಕೆಲವರು ಕರ್ತನ ಹೆಸರು ಹೇಳಿಕೊಂಡು ಹಾಕಿದರು ಎಂಬ ಸಂಗತಿ ನನಗೆ ಇವತ್ತಿಗೂ ನುಂಗಲಾಗದ ತುತ್ತು. ಮನಸ್ಸು ತಿರುಗಿಸುತ್ತೇವೆಂದು ಕೊಡುವ ಚಿಕಿತ್ಸೆ ವೈದ್ಯರ ಮಟ್ಟಿಗೆ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿತು. ಒಬ್ಬರನ್ನೊಬ್ಬರು ಪ್ರೀತಿಸಿ, ಮನೆ ಬಿಟ್ಟು ಮಧುರೆಯಿಂದ ಚೆನ್ನೈಗೆ ಓಡಿ ಬಂದ ಇಬ್ಬರು ಹೆಣ್ಣುಮಕ್ಕಳ ಮೊಕದ್ದಮೆಯಲ್ಲಿ ಮದ್ರಾಸ್ ಹೈಕೋರ್ಟು ಕೊಟ್ಟ ಆದೇಶದಿಂದ ಅದಾಯಿತು. ಡಾಕ್ಟರು ಮಾಡಬಾರದ್ದನ್ನು ನಾವು ಪ್ರಾರ್ಥನೆಯ ಹೆಸರಲ್ಲಿ ಮಾಡಬಹುದೇ?

ಹೆಣ್ಣುಮಕ್ಕಳ ಮಾತು ಬಂತು, ಹೇಳಿಬಿಡುತ್ತೇನೆ. ಗಂಡುಹುಡುಗ ಬೆಂಗಳೂರಿನ ಬಸ್ಸಾದರೂ ಹತ್ತುತ್ತಾನೆ. ಗೆಳತಿಯನ್ನು ಪ್ರೀತಿಸುವ ಹುಡುಗಿಗೆ ನಮ್ಮ ಕಡೆ ಮೊದಲು ಫೋನು ಕಿತ್ತುಕೊಳ್ಳುತ್ತಾರೆ, ಆಮೇಲೆ ತಿಂಗಳೊಪ್ಪತ್ತಿನಲ್ಲಿ ಮದುವೆ. ಅವಳು ನಮ್ಮ ನಡುವೆಯೇ ಕೂತು ಹಾಡುತ್ತಾಳೆ, ನಾವು ಗುರುತಿಸುವುದಿಲ್ಲ.

ಲೋಕದ ಸಭೆಗಳು ಕದಲುತ್ತಿವೆ. 1968ರಲ್ಲಿ ಲಾಸ್ ಏಂಜಲೀಸ್ ಹತ್ತಿರ, ಸಭೆಯಿಂದ ಹೊರಬಿದ್ದ ಪಾದ್ರಿ ಟ್ರಾಯ್ ಪೆರ್ರಿ ತಮ್ಮ ಮನೆಯ ಪಡಸಾಲೆಯಲ್ಲಿ ಹನ್ನೆರಡು ಜನರೊಂದಿಗೆ ಆರಾಧನೆ ಶುರುಮಾಡಿದರು. ಅದು ಇಂದು ಹಲವು ದೇಶಗಳ ಸಭೆ. ನಮ್ಮ ರಾಯಚೂರು, ಬೀದರ್ ಕಡೆಗೆ ಮೆಥೋಡಿಸ್ಟ್ ಮಿಷನರಿಗಳನ್ನು ಕಳಿಸಿದ ಅಮೆರಿಕದ ಸಭೆ 2024ರಲ್ಲಿ ಸಲಿಂಗಿಗಳ ಗುರುದೀಕ್ಷೆಗಿದ್ದ ನಿಷೇಧ ತೆಗೆದುಹಾಕಿತು. ಸಲಿಂಗ ಜೋಡಿಗಳನ್ನು ಪಾದ್ರಿಗಳು ಆಶೀರ್ವದಿಸಬಹುದೆಂದು 2023ರ ಡಿಸೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಅನುಮತಿ ಕೊಟ್ಟರು. ನಾಗಪುರದಲ್ಲಿ ಕಚೇರಿಯಿರುವ ನಮ್ಮದೇ ರಾಷ್ಟ್ರೀಯ ಕ್ರೈಸ್ತ ಸಭಾ ಮಂಡಳಿಯಲ್ಲೂ ಸಲಿಂಗಿಗಳ ಮಾತಿಗೊಂದು ವೇದಿಕೆಯಿದೆ. ಆ ಮಾತು ನಮ್ಮ ಕಾಲುವೆಯ ಕೊನೆಯ ಹೊಲದ ತನಕ ಹರಿದಿಲ್ಲ.

ದೂರದ ಮಾತು ಬೇಡವೆಂದರೆ ಹುಣ್ಣಿಮೆಗೆ ಹುಲಿಗಿಗೆ ಹೋಗಿ ನೋಡಿ. ಹುಲಿಗೆಮ್ಮನ ಅಂಗಳದಲ್ಲಿ, ಸೀರೆ ಉಟ್ಟು ದೇವಿಯ ಸೇವೆಗೆ ನಿಂತ ಜೋಗಪ್ಪಗಳು ಚೌಡಕಿ ಹಿಡಿದು ಹಾಡುತ್ತಾರೆ. ಅಂಥವರಲ್ಲೊಬ್ಬರಾದ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರನ್ನು ದೇಶ ಪದ್ಮಶ್ರೀ ಕೊಟ್ಟು ಗೌರವಿಸಿತು. ಜೋಗಪ್ಪಗಳ ಬಾಳೇ ಬೇರೆ, ಸಲಿಂಗಿಗಳ ಬಾಳೇ ಬೇರೆ, ಎರಡನ್ನೂ ಒಂದು ಮಾಡುವುದು ಸರಿಯಲ್ಲ. ಜೋಗಪ್ಪಗಳ ಕಷ್ಟವೂ ಸಣ್ಣದಲ್ಲ. ಆದರೂ ಅವರ ಹಾಡಿಗೆ ಅಲ್ಲಿ ಅಂಗಳವೊಂದಿದೆ. ನಮ್ಮ ಢೋಲಕ್ ಮೊಳೆಯ ಮೇಲಿದೆ.

ಅಯ್ಯನವರೇ, ಸಭೆಯ ಹಿರಿಯರೇ, ನಿರ್ಣಯ ಬರೆದ ಪುಸ್ತಕಗಳನ್ನು ತೆಗೆಯಿರಿ, ಅಂಥ ಸಾಲುಗಳನ್ನು ಹೊಡೆದುಹಾಕಿರಿ. ತಲೆ ಒತ್ತಿ ದೆವ್ವ ಬಿಡಿಸುವುದನ್ನು ಇಂದೇ ನಿಲ್ಲಿಸಿರಿ. ತಾಯಂದಿರೇ, ಮಗ ನಿಜ ಹೇಳಿದರೆ ಅಂದು ರಾತ್ರಿ ಅವನಿಗೆ ರೊಟ್ಟಿ ಬಡಿಸಿ, ಹತ್ತಿರ ಕೂರಿರಿ. ಮಗಳು ಹೇಳಿದರೂ ಅಷ್ಟೇ.

ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಆ ನಿರ್ಣಯ ಹೋಗುವ ತನಕ ನಾನು ಬಟ್ಟಲು ಮುಟ್ಟುವುದಿಲ್ಲ. ಢೋಲಕ್ಕಿಗೆ ಹೊಸ ಚರ್ಮ ಹಾಕಿಸಲು ಸಿಂಧನೂರಿಗೆ ಕೊಡುತ್ತೇನೆ. ಭೋಜನದ ಹೊತ್ತಿಗೆ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿರುತ್ತೇನೆ. ನನ್ನ ಜೊತೆ ನಿಲ್ಲುವವರು ಬನ್ನಿರಿ. ಆರಾಧನೆ ಹತ್ತು ಗಂಟೆಗೆ.