ಸಹಾಯಕಿ ಯಾರ ಪಕ್ಕ ಕೂರಬೇಕು?

ಆಟಿಸಂ ಇರುವ ಅಥವಾ ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಗುವೊಂದು ಊರ ಶಾಲೆಗೆ ದಾಖಲಾಗುತ್ತದೆ ಎಂದಾಗ, ಮುಖ್ಯೋಪಾಧ್ಯಾಯರಿಂದ ಹಿಡಿದು ಎಸ್‌ಡಿಎಂಸಿ ಸದಸ್ಯರವರೆಗೆ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: "ಈ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?" ಉತ್ತರವೂ ಬಾಯಲ್ಲೇ ಇರುತ್ತದೆ. ಒಬ್ಬ ಸಹಾಯಕಿಯನ್ನು ಕೊಡಿ, ಪಕ್ಕದಲ್ಲಿ ಕೂತಿರಲಿ. ಬೇಡಿಕೆ ನ್ಯಾಯವಾದದ್ದೇ. ಮೂವತ್ತು ಮಕ್ಕಳನ್ನು ಒಬ್ಬರೇ ಸಂಭಾಳಿಸುವ ಶಿಕ್ಷಕಿಗೆ ಇನ್ನೊಬ್ಬರ ನೆರವು ಬೇಕೇ ಬೇಕು. ಆದರೆ ಆ ನೆರವು ತರಗತಿಯ ಯಾವ ಮೂಲೆಗೆ ಸಲ್ಲಬೇಕು ಎಂದು ಯಾರೂ ಕೇಳುವುದಿಲ್ಲ. ಕಲಿಸುವವರ ಜಾಣ್ಮೆಯನ್ನು ಎಲ್ಲರಿಗಿಂತ ಹೆಚ್ಚು ಬೇಡುವ ಮಗುವನ್ನು ಎಲ್ಲರಿಗಿಂತ ಕಡಿಮೆ ತರಬೇತಿ, ಕಡಿಮೆ ಸಂಬಳ ಪಡೆಯುವವರ ಕೈಗೆ ಒಪ್ಪಿಸಿ ಅದಕ್ಕೆ ಸಮನ್ವಯ ಶಿಕ್ಷಣ ಎಂದು ಹೆಸರಿಡುವುದನ್ನು ನಾನು ಒಪ್ಪಲಾರೆ. ಸಹಾಯಕಿ ಇಡೀ ತರಗತಿಗೆ ಸೇರಿದವಳಾಗಿರಬೇಕು. ಆ ಮಗುವಿಗೆ ಹಕ್ಕಾಗಿ ಸಿಗಬೇಕಾದವರು ಶಿಕ್ಷಕಿ.

ಇಂಗ್ಲೆಂಡಿನ ಅನುಭವ ಇಲ್ಲಿ ತುಂಬ ಮುಖ್ಯ. ಶಿಕ್ಷಕರ ಕೆಲಸದ ಹೊರೆ ಇಳಿಸಲು ಅಲ್ಲಿ 2003ರಲ್ಲಿ ಸರ್ಕಾರಕ್ಕೂ ಹೆಚ್ಚಿನ ಶಿಕ್ಷಕ ಸಂಘಟನೆಗಳಿಗೂ ಒಂದು ಒಪ್ಪಂದವಾಯಿತು. ಬೋಧನಾ ಸಹಾಯಕರ ಸಂಖ್ಯೆ ಏರುತ್ತಾ ಹೋಯಿತು; ಇಂದು ಅವರು ಎರಡು ಲಕ್ಷಕ್ಕೂ ಹೆಚ್ಚು ಮಂದಿ. ಹೆಚ್ಚಿನವರು ಹೆಂಗಸರು, ಅನೇಕರು ಅದೇ ಶಾಲೆಯಲ್ಲಿ ಓದುವ ಮಕ್ಕಳ ತಾಯಂದಿರು. ಇವರ ನೆರವಿನಿಂದ ಮಕ್ಕಳ ಕಲಿಕೆ ಏನಾಯಿತು ಎಂದು ಲಂಡನ್ನಿನ ಪ್ರೊಫೆಸರ್ ಪೀಟರ್ ಬ್ಲ್ಯಾಚ್‌ಫರ್ಡ್ ಮತ್ತು ಸಂಗಡಿಗರು ವರ್ಷಗಟ್ಟಲೆ ಅಧ್ಯಯನ ಮಾಡಿದರು. 8,000ಕ್ಕೂ ಹೆಚ್ಚು ಮಕ್ಕಳ ಇಂಗ್ಲಿಷ್, ಗಣಿತ, ವಿಜ್ಞಾನಗಳ ಪ್ರಗತಿಯನ್ನು ಅಳೆದರು. 2009ರಲ್ಲಿ ಹೊರಬಂದ ಫಲಿತಾಂಶ ಯಾರೂ ನಿರೀಕ್ಷಿಸದ್ದು. ಸಹಾಯಕರ ನೆರವು ಹೆಚ್ಚು ಸಿಕ್ಕ ಮಕ್ಕಳು, ತಮ್ಮಂಥವರೇ ಆದರೂ ಕಡಿಮೆ ನೆರವು ಸಿಕ್ಕ ಮಕ್ಕಳಿಗಿಂತ ಹಿಂದೆ ಬಿದ್ದಿದ್ದರು. ಆ ಮಕ್ಕಳಿಗೆ ಮೊದಲೇ ತೊಂದರೆ ಹೆಚ್ಚಿತ್ತು, ಅದಕ್ಕೇ ಹಾಗಾಯಿತು ಎನ್ನುವಂತಿರಲಿಲ್ಲ. ಹಿಂದಿನ ಅಂಕ, ವಿಶೇಷ ಅಗತ್ಯ ಎರಡನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ವ್ಯತ್ಯಾಸ ಉಳಿದಿತ್ತು.

ತಪ್ಪು ಆ ಸಹಾಯಕರದಲ್ಲ ಎಂದು ಸಂಶೋಧಕರೇ ಒತ್ತಿ ಹೇಳಿದರು. ಅವರನ್ನು ಶಾಲೆ ಬಳಸಿಕೊಂಡ ರೀತಿಯಲ್ಲೇ ದೋಷವಿತ್ತು. ಪಾಠದ ಮುಂಚೆ ಶಿಕ್ಷಕರೂ ಸಹಾಯಕರೂ ಕೂತು ಮಾತಾಡಲು ಸಮಯವೇ ಇರಲಿಲ್ಲ. ಇವತ್ತಿನ ಪಾಠ ಏನೆಂದು ಎಷ್ಟೋ ಸಹಾಯಕರಿಗೆ ತಿಳಿಯುತ್ತಿದ್ದದ್ದು ಮಕ್ಕಳ ಜೊತೆಗೇ. ಸಹಾಯಕರು ಪಕ್ಕದಲ್ಲಿ ಇದ್ದಷ್ಟೂ ಆ ಮಗುವಿನೊಡನೆ ಶಿಕ್ಷಕರು ಆಡುವ ಮಾತು ಕಡಿಮೆಯಾಗುತ್ತಿತ್ತು. ತರಗತಿಯ ಮಾತುಗಳನ್ನು ಧ್ವನಿಮುದ್ರಿಸಿ ನೋಡಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಶಿಕ್ಷಕರು ಮಗು ಯೋಚಿಸುವಂತೆ ಕೇಳುತ್ತಿದ್ದರು. ಸಹಾಯಕರಿಗಾದರೋ ಮಗುವಿಗೆ ಕೊಟ್ಟ ಕೆಲಸವನ್ನು ಮುಗಿಸುವ ಆತುರ.

ನಮ್ಮ ಮೂರನೆಯ ತರಗತಿಯ ಗಣಿತದಲ್ಲಿ ಇದು ಹೇಗಿರುತ್ತದೆ ನೋಡಿ. 52ರಲ್ಲಿ 27 ಕಳೆಯಬೇಕು. ಮಗು 35 ಎಂದು ಬರೆಯುತ್ತದೆ. ಪಕ್ಕದಲ್ಲಿ ಕೂತವರಿಗೆ ಕರುಣೆಯಿದೆ, ಆತುರವೂ ಇದೆ. "ಅಲ್ಲ ಪುಟ್ಟ, ಪಕ್ಕದಿಂದ ಒಂದು ಸಾಲ ತಗೋ. ಹನ್ನೆರಡಾಯ್ತು. ಹನ್ನೆರಡರಲ್ಲಿ ಏಳು ಹೋದ್ರೆ ಐದು, ಬರಿ. ಇಲ್ಲಿ ನಾಲ್ಕು ಉಳೀತು, ನಾಲ್ಕರಲ್ಲಿ ಎರಡು ಹೋದ್ರೆ ಎರಡು, ಬರಿ." ಪುಸ್ತಕದಲ್ಲಿ 25 ಬಿತ್ತು, ಸಂಜೆ ಕೆಂಪು ಶಾಯಿಯಲ್ಲಿ ಸರಿ ಗುರುತೂ ಬಿತ್ತು. ಮಗು ಕಲಿತಿದೆ ಎಂದು ಶಿಕ್ಷಕಿ ನಂಬುತ್ತಾರೆ. ಆದರೆ ಆ ಮಗು ಬರೆದ 35ರಲ್ಲೇ ಎಲ್ಲ ಸುಳಿವೂ ಇತ್ತು. ಎರಡರಲ್ಲಿ ಏಳು ಹೋಗುವುದಿಲ್ಲವಾದ್ದರಿಂದ ಅದು ಏಳರಲ್ಲೇ ಎರಡನ್ನು ಕಳೆದಿದೆ. ಹತ್ತರ ಕಟ್ಟನ್ನು ಬಿಚ್ಚಬಹುದು ಎಂಬುದು ಅದಕ್ಕಿನ್ನೂ ಹೊಳೆದಿಲ್ಲ. ಪಳಗಿದ ಶಿಕ್ಷಕಿಯಾದರೆ ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿಗಳನ್ನು ಮುಂದಿಟ್ಟು "ನನಗೆ ಏಳು ಕಡ್ಡಿ ಕೊಡು" ಎಂದು ಕೈಚಾಚಿ ಸುಮ್ಮನೆ ಕಾಯುತ್ತಾರೆ. ಮಗು ತಡಕಾಡುತ್ತದೆ, ಎರಡು ಕಡ್ಡಿ ಕೊಟ್ಟು ಮುಖ ನೋಡುತ್ತದೆ, ಕಡೆಗೆ ಒಂದು ಕಟ್ಟಿನ ರಬ್ಬರ್ ಬ್ಯಾಂಡನ್ನು ತಾನಾಗಿ ಬಿಚ್ಚುತ್ತದೆ. ಹಾಗೆ ಕಾಯುವುದು ಕಲಿತು ಬರುವ ವಿದ್ಯೆ. ಮಗು ತಪ್ಪಿದರೆ ತನ್ನ ಕೆಲಸ ಸರಿಯಿಲ್ಲವೆಂದು ಯಾರಾದರೂ ಅಂದುಕೊಂಡಾರು ಎಂದು ಅಂಜುವ ಸಹಾಯಕಿಯಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ.

ಅತಿ ಸಮೀಪದ ನೆರವಿಗೆ ಇನ್ನೊಂದು ನಷ್ಟವಿದೆ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಮೈಕೆಲ್ ಜಿಯಾಂಗ್ರೆಕೊ ಮತ್ತು ಸಂಗಡಿಗರು 1997ರಲ್ಲೇ ಇದನ್ನು ದಾಖಲಿಸಿದರು. ದೊಡ್ಡವರೊಬ್ಬರು ಸದಾ ಅಂಟಿಕೊಂಡಿದ್ದರೆ ಉಳಿದ ಮಕ್ಕಳು ಹತ್ತಿರ ಬರುವುದಿಲ್ಲ. ಮಗು ಪ್ರತಿಯೊಂದಕ್ಕೂ ಅವರ ಮುಖ ನೋಡುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಸಹಾಯಕಿ ಹೆಂಗಸೆಂಬ ಕಾರಣಕ್ಕೆ ಹುಡುಗನನ್ನೂ ಹುಡುಗಿಯರ ಶೌಚಾಲಯಕ್ಕೇ ಕರೆದೊಯ್ದದ್ದೂ ಆ ಅಧ್ಯಯನದಲ್ಲಿದೆ. ಸಣ್ಣ ವಿಷಯವೆಂದು ತೋರಬಹುದು. ಆ ಹುಡುಗನಿಗೆ ಅದು ಸಣ್ಣದಾಗಿರಲಾರದು.

ಇಷ್ಟು ಹೇಳಿದಾಗ ತಾಯಂದಿರು ಒಂದು ಪ್ರಶ್ನೆ ಎತ್ತುತ್ತಾರೆ, ಅದಕ್ಕೆ ನೇರವಾಗಿ ಉತ್ತರಿಸಲೇಬೇಕು. ತಾನಾಗಿ ಶೌಚಕ್ಕೆ ಹೋಗಲಾರದ, ಬಿಸಿಯೂಟ ತಿನ್ನಲು ಕೈ ಸ್ವಾಧೀನವಿಲ್ಲದ, ಯಾವಾಗ ಬೇಕಾದರೂ ಅಪಸ್ಮಾರ ಬರಬಹುದಾದ ಮಗು ಸಹಾಯವಿಲ್ಲದೆ ಶಾಲೆಗೆ ಬರುವುದಾದರೂ ಹೇಗೆ? ಖಂಡಿತ ಬರಲಾಗದು. ಇಂದು ನಮ್ಮ ಸರ್ಕಾರಿ ಶಾಲೆಗಳಲ್ಲಿ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುವವರು ತಾಯಂದಿರೇ. ಬೆಳಗ್ಗೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು, ಊಟದ ಬೆಲ್ ಹೊಡೆಯುವವರೆಗೆ ಶಾಲೆಯ ಜಗುಲಿಯಲ್ಲೇ ಕಾಯುವ ತಾಯಿ ಅಂದಿನ ಕೂಲಿ ಕಳೆದುಕೊಳ್ಳುತ್ತಾಳೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಬೆಂಗಾವಲು ಭತ್ಯೆ, ಸಾರಿಗೆ ಭತ್ಯೆಗಳಿವೆ, ನಿಜ. ಆದರೆ ವಿಶೇಷ ಅಗತ್ಯವುಳ್ಳ ಮಗುವೊಂದಕ್ಕೆ ವರ್ಷಕ್ಕೆ 3,500 ರೂಪಾಯಿಯವರೆಗೆ ನೀಡುವ ಅದರ ಲೆಕ್ಕಾಚಾರದಲ್ಲಿ ದಿನವಿಡೀ ಜೊತೆಗಿರುವವರ ಸಂಬಳ ಹೇಗೆ ತಾನೇ ಹುಟ್ಟೀತು? ದೈಹಿಕ ಆರೈಕೆಗೆ ಆ ಮಗುವಿಗೆಂದೇ ಒಬ್ಬರು ಬೇಕೆಂದರೆ ಕೊಡಲೇಬೇಕು, ಅದರಲ್ಲಿ ಚೌಕಾಸಿ ಸಲ್ಲದು. ನಾನು ಕೇಳುತ್ತಿರುವುದು ಇಷ್ಟೇ: ಊಟ ಮಾಡಿಸುವವರು ಪಾಠವನ್ನೂ ಮಾಡಲಿ ಎಂದು ಶಿಕ್ಷಕಿ ಕೈತೊಳೆದುಕೊಳ್ಳಬಾರದು.

ಬೆಂಗಳೂರಿನಂಥ ನಗರಗಳ ಖಾಸಗಿ ಶಾಲೆಗಳಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ 'ಶ್ಯಾಡೋ ಟೀಚರ್' ಎಂಬ ಹುದ್ದೆ ಬೆಳೆದಿದೆ. ಸೀಟು ಬೇಕಾದರೆ ಶ್ಯಾಡೋ ಟೀಚರನ್ನು ನೀವೇ ಕರೆತನ್ನಿ, ಸಂಬಳವೂ ನಿಮ್ಮದೇ ಎಂಬ ಷರತ್ತನ್ನು ಎಷ್ಟೋ ಪೋಷಕರು ಎದುರಿಸಿದ್ದಾರೆ. ಹಾಗೆ ಬಂದವರು ಶಾಲೆಯ ಸಿಬ್ಬಂದಿಯಲ್ಲ, ಶಿಕ್ಷಕರ ಸಭೆಗೆ ಅವರಿಗೆ ಕರೆಯಿಲ್ಲ. ಅವರು ಒಂದು ದಿನ ರಜೆ ಹಾಕಿದರೆ ಮಗುವಿಗೂ ಕಡ್ಡಾಯ ರಜೆ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಈ ಜವಾಬ್ದಾರಿಯನ್ನು ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳ ಮೇಲೆ ಹೊರಿಸುತ್ತದೆ. ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಕಲ್ಪಿಸಬೇಕಾದದ್ದು ಶಾಲೆ. ಅದನ್ನು ಪೋಷಕರ ಜೇಬಿಗೆ ದಾಟಿಸುವುದು ಕಾಯ್ದೆಯ ಆಶಯಕ್ಕೇ ವಿರುದ್ಧ.

ಸರ್ಕಾರಿ ವ್ಯವಸ್ಥೆಯಲ್ಲಿ ಇರುವವರು ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರು, ಎಲ್ಲರ ಬಾಯಲ್ಲಿ ಬಿಐಇಆರ್‌ಟಿ. ತಾಲ್ಲೂಕಿನ ಶಾಲೆಗಳನ್ನು ಸುತ್ತಬೇಕು, ವೈದ್ಯಕೀಯ ತಪಾಸಣಾ ಶಿಬಿರ ನಡೆಸಬೇಕು, ಸಾಧನ ಸಲಕರಣೆ ಹಂಚಬೇಕು, ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗಬೇಕು. ಒಂದು ಶಾಲೆಗೆ ಅವರು ಬರುವುದು ಅಪರೂಪ. ಉಳಿದ ದಿನಗಳಲ್ಲಿ "ಆ ಮಗು ಬಿಐಇಆರ್‌ಟಿ ಮೇಡಂ ಕೇಸು" ಎಂದು ಪಕ್ಕಕ್ಕಿಡುವುದು ಸುಲಭ. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕ ಹಂತದಲ್ಲಿ 10 ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬ, ನಂತರದ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದಿತು. ತೀರ್ಪು ಪೂರ್ತಿ ಜಾರಿಯಾದರೂ ಆ ವಿಶೇಷ ಶಿಕ್ಷಕರು ಮಗುವನ್ನು ಪ್ರತ್ಯೇಕ ಕೋಣೆಗೆ ಕರೆದೊಯ್ದು ಕಲಿಸಿದರೆ ತರಗತಿಯ ಶಿಕ್ಷಕಿಗೆ ಏನೂ ಕಲಿತಂತಾಗದು. ಆಟಿಸಂ ಬಗ್ಗೆ ನಮಗೆ ತರಬೇತಿಯೇ ಇಲ್ಲ ಎಂಬ ಶಿಕ್ಷಕರ ಮಾತು ಸತ್ಯ. ಅದಕ್ಕೆ ಪರಿಹಾರ ಸಂಪನ್ಮೂಲ ಶಿಕ್ಷಕರು ತರಗತಿಯೊಳಗೇ ನಿಂತು ಅವರಿಗೆ ಮಾಡಿ ತೋರಿಸುವುದು.

ಇಟಲಿ 1977ರ ಕಾನೂನಿನಿಂದ ಪ್ರತ್ಯೇಕ ತರಗತಿಗಳನ್ನು ಮುಚ್ಚಿ, ಅರ್ಹತೆಯುಳ್ಳ ಬೆಂಬಲ ಶಿಕ್ಷಕರನ್ನು ಶಾಲೆಗಳಿಗೆ ತಂದಿತು. ಇಡೀ ತರಗತಿಗೆ ಅವರೂ ಸಮಾನ ಹೊಣೆಗಾರರು ಎಂದು 1992ರ ಕಾನೂನು ಸ್ಪಷ್ಟಪಡಿಸಿತು. ಆ ತತ್ತ್ವ ನನಗೆ ಸರಿಯೆನಿಸುತ್ತದೆ. ಇನ್ನು ನಮಗಂತೂ ಅದನ್ನು ನಡೆಸುವ ದಾರಿ ಮನೆಯಲ್ಲೇ ಇದೆ. ಹೆಗ್ಗಡದೇವನಕೋಟೆಯಲ್ಲಿ ತೊಂಬತ್ತರ ದಶಕದಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಹರಡಿದ ನಲಿಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಕಲಿಕೆಯ ಮೆಟ್ಟಿಲಿಗೆ ತಕ್ಕಂತೆ ಅವರ ಗುಂಪು: ಪೂರ್ಣ ಶಿಕ್ಷಕ ಬೆಂಬಲಿತ, ಭಾಗಶಃ ಶಿಕ್ಷಕ ಬೆಂಬಲಿತ, ಪೂರ್ಣ ಗೆಳೆಯರ ಬೆಂಬಲಿತ, ಭಾಗಶಃ ಗೆಳೆಯರ ಬೆಂಬಲಿತ, ಸ್ವಕಲಿಕೆ. ಎಲ್ಲ ಮಕ್ಕಳೂ ಒಂದೇ ಪುಟದಲ್ಲಿರಬೇಕಿಲ್ಲ ಎಂಬುದನ್ನು ಇಷ್ಟು ಸಹಜವಾಗಿ ಒಪ್ಪಿಕೊಂಡ ತರಗತಿಯಲ್ಲಿ ನಿಧಾನವಾಗಿ ಕಲಿಯುವ ಮಗು ಹೊರಗಿನದೆಂದು ಅನಿಸಬೇಕಿಲ್ಲ. ಇಲ್ಲಿ ಸಹಾಯಕಿ ಬಂದರೆ ಗೆಳೆಯರ ಗುಂಪು, ಸ್ವಕಲಿಕೆಯ ಗುಂಪುಗಳ ನಡುವೆ ಓಡಾಡಲಿ. ಕಾರ್ಡು ತೆಗೆದುಕೊಡಲಿ, ಜಗಳ ಬಿಡಿಸಲಿ, ಓದಿಸಿ ಕೇಳಲಿ. ಆ ಬಿಡುವಿನಲ್ಲಿ ಶಿಕ್ಷಕಿ ವಿಶೇಷ ಅಗತ್ಯದ ಮಗುವಿರುವ ಗುಂಪಿನಲ್ಲಿ ಚಾಪೆಯ ಮೇಲೆ ಕೂರಲಿ. ಎರಡನೆಯ ವ್ಯಕ್ತಿ ಬಂದದ್ದರಿಂದ ಆ ಮಗುವಿಗೆ ಶಿಕ್ಷಕಿಯ ಸಮಯ ಹೆಚ್ಚಾಗಬೇಕು.

ಕರ್ನಾಟಕ ಇಂಥ ಹುದ್ದೆಯನ್ನು ಎಲ್ಲ ಶಾಲೆಗಳಲ್ಲಿ ಸೃಷ್ಟಿಸುವ ದಿನ ಬರಬೇಕೆಂದು ನಾನು ಬಯಸುತ್ತೇನೆ. ಆದರೆ ಅಂಗನವಾಡಿ ಸಹಾಯಕಿಯರನ್ನು ವರ್ಷಗಟ್ಟಲೆ ಗೌರವಧನದ ಹೆಸರಿನಲ್ಲಿ ದುಡಿಸಿಕೊಂಡ ರೀತಿ ಇಲ್ಲಿ ಮರುಕಳಿಸಬಾರದು. ಊರಿನ ಹೆಣ್ಣುಮಕ್ಕಳನ್ನೇ ಆರಿಸಿ, ತರಬೇತಿ ಕೊಟ್ಟು, ಸಂಬಳದ ಹುದ್ದೆಯಾಗಿ ಮಾಡಬೇಕು. ಇಂಗ್ಲೆಂಡಿನ ಅನುಭವದಲ್ಲೂ, ಸರಿಯಾದ ತರಬೇತಿ ಪಡೆದ ಸಹಾಯಕರು ಕ್ರಮಬದ್ಧ ಓದಿನ ಅಥವಾ ಲೆಕ್ಕದ ಅಭ್ಯಾಸಗಳನ್ನು ಮಾಡಿಸಿದಾಗ ಮಕ್ಕಳು ಮುಂದೆ ಬಂದಿದ್ದಾರೆ. ನೇಮಕಾತಿ ಆದೇಶದಲ್ಲಿ ಆಕೆ ತರಗತಿಗೆ ಸೇರಿದವಳು, ಮಗುವಿನ ಕಲಿಕೆಯ ಹೊಣೆ ಶಿಕ್ಷಕಿಯದು ಎಂದು ಬರೆದಿರಬೇಕು. ಜೊತೆಗೆ ಪ್ರಾರ್ಥನೆಯ ಮುಂಚೆ ಅರ್ಧ ಗಂಟೆ ಇಬ್ಬರೂ ಕೂತು ಅಂದಿನ ಪಾಠ ಮಾತಾಡಿಕೊಳ್ಳಲು ಸಮಯ ನಿಗದಿಯಾಗಿರಬೇಕು. ಆ ಅರ್ಧ ಗಂಟೆಗೆ ಸಂಬಳ ಕೊಡದ ಆದೇಶವನ್ನು ಶಿಕ್ಷಕರ ಸಂಘಗಳಾಗಲಿ ಪೋಷಕರಾಗಲಿ ಒಪ್ಪಬಾರದು.