ಕೆತ್ತಿದ ಕಲ್ಲಿಗೆ ಕಾವಲು, ಮಿಕ್ಕಿದ್ದಕ್ಕೆಲ್ಲ ಜೆಸಿಬಿ

ಐವತ್ತು ರೂಪಾಯಿಯ ಹೊಸ ನೋಟಿನ ಬೆನ್ನಿಗೆ ಹಂಪಿಯ ಕಲ್ಲಿನ ತೇರು ಅಚ್ಚಾಗಿದೆ. ಆ ನೋಟು ಹಿಡಿದು ವಿರೂಪಾಕ್ಷನ ತೇರುಬೀದಿಯ ಸಾಲುಮಂಟಪಗಳ ಉದ್ದಕ್ಕೂ ನಡೆಯಿರಿ. ಅದನ್ನು ಮುರಿಸಿ ಒಂದು ಲೋಟ ಚಹಾ ಕುಡಿಯುವುದಕ್ಕೆ ಅಲ್ಲೊಂದು ಅಂಗಡಿ ಸಿಗದು. ದೊಡ್ಡ ಗೋಪುರದಿಂದ ಮಾತಂಗ ಬೆಟ್ಟದ ಬುಡದ ಎದುರು ಬಸವಣ್ಣನವರೆಗೆ ಮುಕ್ಕಾಲು ಕಿಲೋಮೀಟರಿನಷ್ಟು ಚಾಚಿದ ಈ ಬೀದಿಯ ಹೆಸರು ಇವತ್ತಿಗೂ ಹಂಪಿ ಬಜಾರ್. ಬಜಾರು ಮಾತ್ರ ಇಲ್ಲ. ಈ ಸಲ ಯಾವ ಸುಲ್ತಾನನೂ ಕೊಳ್ಳೆ ಹೊಡೆಯಲಿಲ್ಲ. 2011ರ ಜುಲೈ 29ರಂದು, ನಾಗರ ಅಮಾವಾಸ್ಯೆಯ ಹಿಂದಿನ ದಿನ, ನಮ್ಮದೇ ಸರ್ಕಾರ ನಮ್ಮದೇ ಜೆಸಿಬಿ ತಂದು ಅದನ್ನು ಕಿತ್ತು ಹಾಕಿತು. ಪರಂಪರೆಯ ರಕ್ಷಣೆಗಾಗಿಯಂತೆ!

ಯಾವ ಪರಂಪರೆ? ವಿಜಯನಗರದ ದೊಡ್ಡ ಗುಡಿಗಳಲ್ಲಿ ಪೇಟೆಯಿಲ್ಲದ ಗುಡಿ ಒಂದನ್ನು ತೋರಿಸಿ ನೋಡೋಣ. ಉದಯಗಿರಿ ಗೆದ್ದು ಬಾಲಕೃಷ್ಣನನ್ನು ಹೊತ್ತು ತಂದ ಕೃಷ್ಣದೇವರಾಯ ದೇವರಿಗೆ ಗುಡಿ ಕಟ್ಟಿಸಿದಾಗ ಎದುರಿಗೆ ಪೇಟೆಯೂ ಎದ್ದಿತು. ತಿರುವೆಂಗಳನಾಥನ ಮುಂದೆ ಅಚ್ಯುತಪೇಟೆ, ವಿಠ್ಠಲನ ಮುಂದೆ ಮತ್ತೊಂದು. 1443ರಲ್ಲಿ ಬಂದ ಪರ್ಷಿಯಾದ ದೂತ ಅಬ್ದುಲ್ ರಜಾಕ್ ಗುಲಾಬಿ ಮಾರುವವರನ್ನು ಕಂಡು ಬೆರಗಾಗಿ, ಈ ಜನಕ್ಕೆ ಅನ್ನದಷ್ಟೇ ಹೂವೂ ಬೇಕು ಎಂಬರ್ಥದಲ್ಲಿ ಬರೆದಿಟ್ಟ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಯೆಸ್ ಸಂತೆಗಳನ್ನು ಬಣ್ಣಿಸಿ ದಣಿಯಲೇ ಇಲ್ಲ. ಅವನ ಹಿಂದೆ ಬಂದ ನುನಿಜ್ ಸ್ವತಃ ಕುದುರೆ ವ್ಯಾಪಾರಿ. ಅರಸೊತ್ತಿಗೆ ನಿಂತದ್ದೇ ಕುದುರೆ, ಸುಂಕ, ಸಂತೆಗಳ ಮೇಲೆ. ಇಷ್ಟಾದರೂ ಊರಿನ ಎದೆಯಾದ ಬೀದಿ ನಮ್ಮ ಅಧಿಕಾರಿಗಳ ಕಣ್ಣಿಗೆ ಒತ್ತುವರಿಯಾಗಿ ಕಂಡಿತು.

1565ರ ಯುದ್ಧದಲ್ಲಿ ವಿಜಯನಗರ ಸೋತ ನಂತರ ಉಳಿದೆಲ್ಲ ಪೇಟೆಗಳು ಪಾಳು ಬಿದ್ದವು. ವಿರೂಪಾಕ್ಷನಿಗೆ ಮಾತ್ರ ಪೂಜೆ ನಡೆಯುತ್ತಲೇ ಬಂತು, ಆ ನೆರಳಿನಲ್ಲಿ ಈ ಬೀದಿಗೂ ಮತ್ತೆ ಜೀವ ಬಂತು. ಕಂಬಗಳ ನಡುವೆ ಬಾಳೆಹಣ್ಣು, ಊದುಬತ್ತಿ, ಮಿರ್ಚಿ ಮಂಡಕ್ಕಿ, ಲಂಬಾಣಿ ಕಸೂತಿ, ಬಾಡಿಗೆ ಸೈಕಲ್ಲು. ಕೆಲವರು ಮಂಟಪಕ್ಕೆ ಇಟ್ಟಿಗೆಯ ಗೋಡೆ ಕಟ್ಟಿಕೊಂಡು ಸಂಸಾರ ಹೂಡಿದ್ದರು. ಸಿಮೆಂಟು ಬಳಿದದ್ದೂ ನಿಜ, ಷಟರ್ ಕೂರಿಸಿದ್ದೂ ನಿಜ, ಬೋರ್ಡುಗಳು ಕಣ್ಣಿಗೆ ಹೊಡೆಯುತ್ತಿದ್ದದ್ದೂ ನಿಜ. ಅದನ್ನು ತಿದ್ದುವ ದಾರಿ ಸಾವಿರ ಇದ್ದವು. ಗೋಡೆ ತೆಗೆಸಿ, ಬೋರ್ಡು ಇಳಿಸಿ, ರಾತ್ರಿ ವಾಸ್ತವ್ಯಕ್ಕೆ ಬೇರೆ ಕಡೆ ಸೂರು ಕೊಟ್ಟು, ಹಗಲ ವ್ಯಾಪಾರ ಉಳಿಸಬಹುದಿತ್ತು. ಅದಕ್ಕೆ ಜನರ ಜೊತೆ ಕೂತು ಮಾತಾಡಬೇಕು, ತಾಳ್ಮೆ ಬೇಕು. ಜೆಸಿಬಿಗೆ ಡೀಸೆಲ್ ಹಾಕಿದರೆ ಸಾಕು.

ಮುನ್ನೂರಕ್ಕೂ ಹೆಚ್ಚು ಕುಟುಂಬಗಳಿಗೆ ಹಿಂದಿನ ಸಂಜೆ ಸೂಚನೆ, ಮರುದಿನ ಯಂತ್ರ. ಆಮೇಲೆ ಸುಮಾರು ನಾಲ್ಕು ಕಿಲೋಮೀಟರ್ ಆಚೆಯ ಕಡ್ಡಿರಾಂಪುರದಲ್ಲಿ ನಿವೇಶನ, ಪರಿಹಾರಕ್ಕೆ ವರ್ಷಗಟ್ಟಲೆ ಅಲೆದಾಟ. ತೇರುಬೀದಿಯಲ್ಲಿ ಹೂವು ಮಾರಿ ಬದುಕುವವಳಿಗೆ ನಾಲ್ಕು ಕಿಲೋಮೀಟರ್ ದೂರದ ಬಯಲಿನಲ್ಲಿ ಜಾಗ ಕೊಟ್ಟರೆ ಅವಳು ಅಲ್ಲಿ ಯಾರಿಗೆ ಮಾರಬೇಕು, ಜಾಲಿ ಗಿಡಕ್ಕೆ?

ಜನ ಇದ್ದರೆ ಮಂಟಪ ಹಾಳಾಗುತ್ತದೆ ಎಂದರಲ್ಲ, ಸರಿ, ಜನರನ್ನು ಕಳಿಸಿದಿರಿ. ಹದಿಮೂರು ವರ್ಷ ತುಂಬುವ ಮೊದಲೇ, 2024ರ ಮೇ ತಿಂಗಳ ಒಂದು ಮಳೆಗೆ ಅದೇ ಸಾಲುಮಂಟಪದ ಒಂದು ಭಾಗ ಕುಸಿದು ಬಿತ್ತು. ಈ ಸಲ ದೂರಲು ಅಂಗಡಿಯವರು ಇರಲಿಲ್ಲ. ಮಳೆಯನ್ನು ದೂರಿದರು.

ಊರಿಂದ ಹೊರಗೆ ಬನ್ನಿ, ಅಲ್ಲಿನ ಕಥೆ ಇನ್ನೂ ಚಂದ. ಹಂಪಿಯನ್ನು ಹಂಪಿ ಮಾಡಿದ್ದು ಗುಡಿಗೋಪುರಕ್ಕಿಂತ ಮೊದಲು ಅದರ ಬಂಡೆಗಳು. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು, ಬಿಸಿಲು ಮಳೆಗೆ ಸೀಳಿ, ಸವೆದು, ಒಂದರ ಮೇಲೊಂದು ಕೂತ ಗುಂಡುಗಳು. ವಿಜಯನಗರದ ಕಲ್ಲುಕುಟಿಗರೂ ಇವನ್ನು ಸೀಳಿದ್ದಾರೆ. ಸಾಲಾಗಿ ಕೊರೆದ ಚೌಕದ ಕುಳಿಗಳು ಎಷ್ಟೋ ಬಂಡೆಗಳ ಮೇಲೆ ಈಗಲೂ ಕಾಣುತ್ತವೆ, ಕೆಲವಂತೂ ಅರ್ಧಕ್ಕೇ ಬಿಟ್ಟ ಕೆಲಸ. ಅವರು ಬೆಣೆ ಹೊಡೆದು ಬೇಕಾದಷ್ಟು ಕಂಬ ಎಬ್ಬಿಸಿಕೊಂಡು ಬೆಟ್ಟವನ್ನು ಬೆಟ್ಟವಾಗಿಯೇ ಬಿಟ್ಟರು. ನಮ್ಮ ಕಾಲದ ಕ್ವಾರಿಯವನು ಡ್ರಿಲ್ಲು, ಸಿಡಿಮದ್ದು, ಕ್ರಷರ್ ತಂದು ಬೆಟ್ಟವನ್ನೇ ಜಲ್ಲಿ ಮಾಡುತ್ತಾನೆ. ವಿಶ್ವಪರಂಪರೆಯ ಗೆರೆ ಎಳೆದಿರುವುದು ಸುಮಾರು 4,187 ಹೆಕ್ಟೇರಿಗೆ. ಗೆರೆಯ ಒಳಗೆ ಕಂಬಕ್ಕೆ ಒರಗಿದರೂ ಸೀಟಿ ಊದುತ್ತಾರೆ. ಗೆರೆ ದಾಟಿ ಹೊಸಪೇಟೆ, ಗಂಗಾವತಿಗಳ ಕಡೆ ಹೊರಟರೆ ಅದೇ ಬೆಟ್ಟಸಾಲಿನ ಅದೇ ಬಂಡೆ ಸರ್ಕಾರದ ಕಡತದಲ್ಲಿ ಉಪಖನಿಜ. ದರೋಜಿಯ ಕರಡಿಗೂ, ಈ ಬಂಡೆಗಳ ನಡುವೆ ಬದುಕುವ ಹಳದಿ ಕೊರಳಿನ ಪಿಕಳಾರಕ್ಕೂ ಗೆರೆ ಎಲ್ಲಿದೆಯೆಂದು ಯಾರು ಹೇಳಿಕೊಡಬೇಕು?

ಕಾಲುವೆಗಳದೂ ಇದೇ ಪಾಡು. ವಿಜಯನಗರದ ಕಾಲದಲ್ಲಿ ತೋಡಿದ ತುರ್ತಾ ಕಾಲುವೆ ಇವತ್ತಿಗೂ ಬಾಳೆತೋಟಕ್ಕೆ ನೀರುಣಿಸುತ್ತದೆ. ಕಲ್ಲಿನ ರಥ ಉರುಳುವುದಿಲ್ಲ, ವಿಠ್ಠಲನ ಗುಡಿಯ ಹಾಡುವ ಕಂಬಗಳನ್ನು ಈಗ ಯಾರೂ ನುಡಿಸುವಂತಿಲ್ಲ, ಕಾಲುವೆ ಮಾತ್ರ ದಿನಾ ಕೆಲಸ ಮಾಡುತ್ತಿದೆ. ವಿಜಯನಗರ ಕಾಲುವೆಗಳಿಗೆ ನಾವು ಕೊಟ್ಟ ಗೌರವವೆಂದರೆ ಆಧುನೀಕರಣದ ಟೆಂಡರು ಮತ್ತು ಕಾಂಕ್ರೀಟು.

ಸೇತುವೆಯ ಪುರಾಣ ನೆನಪಿದೆಯೇ? ಹೊಳೆಯಾಚೆಯ ಆನೆಗೊಂದಿಗೆ ತಳವಾರಘಟ್ಟದ ಬಳಿ ಸೇತುವೆ ಕಟ್ಟಹೊರಟು 1999ರಲ್ಲಿ ಹಂಪಿ ಯುನೆಸ್ಕೋದ ಅಪಾಯದ ಪಟ್ಟಿ ಸೇರಿತು. 2006ರಲ್ಲಿ ಹೇಗೋ ಹೊರಬಂತು. 2009ರ ಜನವರಿಯಲ್ಲಿ ಇನ್ನೂ ಕಟ್ಟುತ್ತಿದ್ದ ಆ ಸೇತುವೆ ಕುಸಿದು ಕೂಲಿ ಕಾರ್ಮಿಕರು ಸತ್ತರು. ಹೊಳೆ ದಾಟಬೇಕಾದ ಹಳ್ಳಿಯವರ ಬೇಡಿಕೆ ನ್ಯಾಯದ್ದೇ. ಜಾಗ ಆರಿಸಿದವರ, ಕಟ್ಟಿದವರ ಉಡಾಫೆಗೆ ಬೆಲೆ ತೆತ್ತವರು ಮಾತ್ರ ಯಥಾಪ್ರಕಾರ ಕೂಲಿಗಳು.

2019ರ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಗಜಶಾಲೆಯ ಹಿಂದಿನ ವಿಷ್ಣು ಗುಡಿಯ ಬಳಿ ಕೆಲವು ಹುಡುಗರು ಕಂಬ ತಳ್ಳಿ ಉರುಳಿಸಿದ ವಿಡಿಯೊ ಫೆಬ್ರುವರಿಯಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಬೀಳಿಸಿದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತು. ಇದಕ್ಕಿಂತ ತಕ್ಕ ಶಿಕ್ಷೆ ನಾನು ಕಂಡಿಲ್ಲ. ಜುಲೈನಲ್ಲಿ ನಿಧಿಗಳ್ಳರು ಆನೆಗೊಂದಿ ಬಳಿಯ ನವಬೃಂದಾವನದ ನಡುಗಡ್ಡೆಗೆ ನುಗ್ಗಿ ಯತಿ ವ್ಯಾಸರಾಜರ ಸಮಾಧಿಯಾದ ಬೃಂದಾವನವನ್ನು ಒಡೆದರು. ಸುದ್ದಿ ತಿಳಿದದ್ದೇ ತಡ, ಭಕ್ತರು ಹೊಳೆ ದಾಟಿ ಬಂದು, ಚೂರುಗಳನ್ನು ಜೋಡಿಸಿ, ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದರು. ಯಾವ ಟೆಂಡರಿಗೂ ಕಾಯಲಿಲ್ಲ. ಕಲ್ಲನ್ನು ಕಾಯುವವರು ಅದರ ಜೊತೆ ಬದುಕುವವರೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಅಂಥವರಿಲ್ಲದ ಕಡೆ ಏನಾಗುತ್ತದೆ ನೋಡಿ. ಗಂಗಾವತಿ ಕಡೆಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ನೂರಾರು ಶಿಲಾಸಮಾಧಿಗಳಿವೆ, ಊರವರು ಮೊರೇರ ಮನೆಗಳು ಎನ್ನುತ್ತಾರೆ. ಬಡಿದರೆ ದೂರಕ್ಕೆ ಕೇಳುವ ನಗಾರಿ ಕಲ್ಲೂ ಇದೆ. ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿ ಹೆಸರಿದೆ. ಅಲ್ಲಿಯೂ ನಿಧಿಯಾಸೆಗೆ ಚಪ್ಪಡಿಗಳನ್ನು ಎಬ್ಬಿಸಿ ಕೆಡವಿದ್ದಾರೆ. ಮೊರೇರಿಗೆ ಮಠವಿಲ್ಲ, ಮತವೂ ಇಲ್ಲ. ಹಾಗಾಗಿ ಚಪ್ಪಡಿ ಬಿದ್ದಲ್ಲೇ ಬಿದ್ದಿದೆ.

ಹುಡುಗರ ಕೈಯಿಂದ ಕಂಬ ಎತ್ತಿಸಿದ ನ್ಯಾಯ 2011ರಲ್ಲಿ ಬೀದಿ ಬೀಳಿಸಿದವರಿಗೆ ಏಕೆ ಅನ್ವಯಿಸುವುದಿಲ್ಲ? ಒಂದು ಕಂಬಕ್ಕೆ ತಲಾ 70,000 ಎಂದರೆ ಒಂದು ಬಜಾರಿಗೆ ಎಷ್ಟು, ಒಂದು ಬೆಟ್ಟಕ್ಕೆ ಎಷ್ಟು? ಹಂಪಿ ಉತ್ಸವ ಬಂದರೆ ಆಳೆತ್ತರದ ಧ್ವನಿಪೆಟ್ಟಿಗೆಗಳು ಬರುತ್ತವೆ, ಮಂತ್ರಿಮಹೋದಯರ ಕಾರುಗಳು ಬರುತ್ತವೆ, ‘ಹಂಪಿ ಬೈ ಸ್ಕೈ’ ಎಂದು ಹೆಲಿಕಾಪ್ಟರೂ ಹಾರುತ್ತದೆ. ಇಷ್ಟು ಗದ್ದಲಕ್ಕೆ ಅಲುಗದ ಪರಂಪರೆ ಎಳನೀರಿನವಳ ಬುಟ್ಟಿಗೆ ಅಲುಗುತ್ತದಂತೆ.

ತೇರಿನ ದಿನ ಹೋಗಿ ನೋಡಿ. ಬಳೆ, ಬೆಂಡು ಬತ್ತಾಸು, ಆಟಿಕೆಯವರು ನೆಲದ ಮೇಲೆ ತಾಡಪಾಲು ಹಾಸಿ ಕೂತಿರುತ್ತಾರೆ, ರಾತ್ರಿ ಗಂಟು ಕಟ್ಟಿಕೊಂಡು ಎದ್ದು ಹೋಗುತ್ತಾರೆ. ಯಾವ ಕಂಬಕ್ಕೂ ಮೊಳೆ ಹೊಡೆಯುವುದಿಲ್ಲ. ಜಾತ್ರೆಗೆ ಕೊಡುವ ಈ ಅನುಮತಿಯನ್ನು ವರ್ಷವಿಡೀ ಕೊಡಲು ಏನು ಅಡ್ಡಿ ಎಂದು ಹಂಪಿಯ ನಿರ್ವಹಣಾ ಪ್ರಾಧಿಕಾರ ಲಿಖಿತವಾಗಿ ಹೇಳಲಿ, ಕಡ್ಡಿರಾಂಪುರದವರ ಎದುರು ನಿಂತು ಹೇಳಲಿ. ಬಂಡೆ ಸಿಡಿಸಲು ಯಾರ್ಯಾರಿಗೆ ಎಷ್ಟೆಷ್ಟು ಎಕರೆ ಪರವಾನಗಿ ಕೊಟ್ಟಿದೆ ಎಂಬ ಪಟ್ಟಿಯನ್ನು ಸರ್ಕಾರವೂ ಅದೇ ಹೊತ್ತಿಗೆ ಓದಿ ಹೇಳಲಿ.