ಮಾರ್ಜಕ ತಯಾರಿಕೆ: ಕಿಲೋ ದರಕ್ಕಿಂತ ಅಣುವಿನ ‘ತಲೆ’ ಮುಖ್ಯ

ಪಾತ್ರೆ ತೊಳೆಯುವ ದ್ರವ, ಶಾಂಪೂ, ನೆಲ ಒರೆಸುವ ದ್ರಾವಣ ಮುಂತಾದವುಗಳ ತಯಾರಿಕೆಯು ಅಲ್ಪ ಬಂಡವಾಳದಲ್ಲಿ ಆರಂಭಿಸಬಹುದಾದ ಉದ್ಯಮ. ಒಂದು ಟ್ಯಾಂಕ್, ಕಲಕುವ ಯಂತ್ರ ಹಾಗೂ ನಾಲ್ಕಾರು ಕಚ್ಚಾವಸ್ತುಗಳಿದ್ದರೆ ಸಾಕೆಂಬ ಭಾವನೆ ಹಲವರಲ್ಲಿದೆ. ಹೀಗಾಗಿ ಅನೇಕ ಸಣ್ಣ ಘಟಕಗಳಲ್ಲಿ ಖರೀದಿಯು ಕಿಲೋ ದರವನ್ನೇ ಅವಲಂಬಿಸಿರುತ್ತದೆ. ಮೇಲ್ನೋಟಕ್ಕೆ ಉಳಿತಾಯವೆನಿಸುವ ಈ ಪದ್ಧತಿ ಕೊನೆಗೆ ದುಬಾರಿಯಾಗಿ ಪರಿಣಮಿಸುವುದೇ ಹೆಚ್ಚು.

ಮಾರ್ಜಕದ ಅಣುವಿಗೆ ಎಣ್ಣೆಯನ್ನು ಅರಸುವ ಬಾಲವೊಂದು, ನೀರನ್ನು ಅರಸುವ ತಲೆಯೊಂದು ಇರುತ್ತದೆ. ನೀರಿನಲ್ಲಿ ಅದರ ಪ್ರಮಾಣ ಒಂದು ಮಟ್ಟವನ್ನು ಮೀರಿದೊಡನೆ ಅಣುಗಳು ಬಾಲಗಳನ್ನು ಒಳಗಿಟ್ಟು, ತಲೆಗಳನ್ನು ಹೊರಗಿಟ್ಟು ಗುಂಪುಗೂಡುತ್ತವೆ. ಈ ಗುಂಪಿಗೆ ಮೈಸೆಲ್ ಎಂದು ಹೆಸರು. ಜಿಡ್ಡನ್ನು ಒಳಗೆಳೆದುಕೊಂಡು ನೀರಿನೊಡನೆ ಹರಿದುಹೋಗುವಂತೆ ಮಾಡುವುದು ಇದೇ. ಸೋಡಿಯಂ ಲಾರಿಲ್ ಸಲ್ಫೇಟಿನ ತಲೆಗಳೆಲ್ಲವೂ ಋಣ ವಿದ್ಯುದಂಶವುಳ್ಳವು. ಅವು ಒಂದನ್ನೊಂದು ದೂಡುತ್ತವೆ. ಆದ್ದರಿಂದ ಶುದ್ಧ ನೀರಿನಲ್ಲಿ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಲೀಟರಿಗೆ ಸುಮಾರು 2.3 ಗ್ರಾಂ ಸೇರಿದ ಮೇಲಷ್ಟೇ ಅದು ಮೈಸೆಲ್ ಕಟ್ಟುತ್ತದೆ. ವಿದ್ಯುದಂಶವಿಲ್ಲದ ತಲೆಯುಳ್ಳ ಎಥಾಕ್ಸಿಲೇಟಿಗೆ ಅಷ್ಟೇ ಉದ್ದದ ಬಾಲವಿದ್ದರೂ ಅದರ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಪ್ರಮಾಣ ಸಾಕು.

ಇವೆರಡನ್ನೂ ಬೆರೆಸಿದಾಗ ತಟಸ್ಥ ತಲೆಗಳು ಋಣ ತಲೆಗಳ ನಡುವೆ ಸೇರಿ ನೂಕಾಟವನ್ನು ತಗ್ಗಿಸುತ್ತವೆ. ಮಿಶ್ರ ಮೈಸೆಲ್ ನಿರೀಕ್ಷಿತ ಲೆಕ್ಕಕ್ಕಿಂತ ಕಡಿಮೆ ಪ್ರಮಾಣದಲ್ಲೇ ಸಿದ್ಧವಾಗುತ್ತದೆ. ತಲೆಯಲ್ಲಿ ಧನ, ಋಣ ಎರಡೂ ವಿದ್ಯುದಂಶಗಳನ್ನು ಹೊಂದಿರುವ ಬೀಟೇನ್ ಈ ಕೆಲಸವನ್ನು ಇನ್ನೂ ಸಮರ್ಥವಾಗಿ ಮಾಡುತ್ತದೆ. ಬಿಡಿಯಾಗಿ ಉಳಿಯುವ ಅಣುಗಳು ಕಡಿಮೆಯಾಗುವುದರಿಂದ ಬಳಸುವವರ ಕೈ ಉರಿಯೂ ತಗ್ಗುತ್ತದೆ. ಖರ್ಚು ಉಳಿಸಲು ಬೀಟೇನನ್ನು ಕೈಬಿಟ್ಟವರು ದ್ರವ ದಪ್ಪವಾಗಲೆಂದು ಉಪ್ಪು ಸುರಿಯುತ್ತಾರೆ. ಉಪ್ಪಿನಿಂದ ದ್ರವ ದಪ್ಪವಾಗುವುದು ನಿಜ; ಮಿತಿ ಮೀರಿದರೆ ಅದು ಮತ್ತೆ ತೆಳ್ಳಗಾಗುವುದೂ ಅಷ್ಟೇ ನಿಜ. ದಪ್ಪವೆಂಬುದು ತೊಳೆಯುವ ಶಕ್ತಿಯ ಅಳತೆಗೋಲೂ ಅಲ್ಲ.

ಇದಕ್ಕಿಂತ ಗಂಭೀರವಾದ ಪ್ರಮಾದವೊಂದಿದೆ. ಕ್ರಿಮಿನಾಶಕ ಗುಣಕ್ಕಾಗಿ ಬಳಸುವ ಬೆಂಜಾಲ್ಕೋನಿಯಂ ಕ್ಲೋರೈಡಿನ ತಲೆ ಧನ ವಿದ್ಯುದಂಶದ್ದು. ಕಾಸ್ಟಿಕ್ ಸೇರಿಸಿ ತಟಸ್ಥಗೊಳಿಸಿದ ಆಸಿಡ್ ಸ್ಲರಿಯ ತಲೆ ಋಣ ವಿದ್ಯುದಂಶದ್ದು. ಇವೆರಡೂ ಒಂದೇ ಟ್ಯಾಂಕಿಗೆ ಬಿದ್ದರೆ ಪರಸ್ಪರ ಬಲವಾಗಿ ಅಂಟಿಕೊಳ್ಳುತ್ತವೆ. ಸಮಪ್ರಮಾಣ ಸಮೀಪಿಸಿದಂತೆ ದ್ರವ ಮಬ್ಬಾಗಿ ತಳದಲ್ಲಿ ಗಸಿ ಕೂರುತ್ತದೆ. ಗಸಿ ಕಾಣದಿದ್ದಾಗಲೂ ಕ್ರಿಮಿನಾಶಕ ಶಕ್ತಿ ಕುಂದಿರುತ್ತದೆ. ನೊರೆಯನ್ನು ನೋಡಿ ನಂಬಿದ ಆಸ್ಪತ್ರೆಗೋ ಹೋಟೆಲಿಗೋ ಅಂತಹ ಸರಕನ್ನು ಪೂರೈಸುವುದು ಕೇವಲ ನಷ್ಟದ ಮಾತಲ್ಲ, ವಿಶ್ವಾಸದ ಪ್ರಶ್ನೆ.

ಸಣ್ಣ ಘಟಕಕ್ಕೆ ರಸಾಯನ ತಜ್ಞರನ್ನು ನೇಮಿಸಿಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕೆಂಬ ಆಕ್ಷೇಪ ಸಹಜ. ಆದರೆ ಖರೀದಿಗೆ ಮುನ್ನ ಮೂರು ಪ್ರಶ್ನೆ ಕೇಳಲು ತಜ್ಞರು ಬೇಕಿಲ್ಲ: ತಲೆಯ ವಿದ್ಯುದಂಶ ಯಾವುದು? ಸಕ್ರಿಯ ಅಂಶ ಶೇಕಡಾ ಎಷ್ಟು? ಅದರಲ್ಲಿರುವ ಉಪ್ಪು ಎಷ್ಟು? ಪೂರ್ತಿ ಟ್ಯಾಂಕ್ ಕಲಕುವ ಮೊದಲು ತಮ್ಮದೇ ಕೊಳವೆಬಾವಿಯ ನೀರಿನಲ್ಲಿ ಒಂದು ಸೀಸೆಯಷ್ಟು ಮಾಡಿ, ಕೆಲವು ದಿನ ಇಟ್ಟು ನೋಡುವುದಕ್ಕೂ ಹೆಚ್ಚಿನ ವೆಚ್ಚವಿಲ್ಲ. ಕಚ್ಚಾವಸ್ತು ಮಾರುವ ವರ್ತಕರು ಈ ವಿವರಗಳನ್ನು ಬಿಲ್ಲಿನೊಡನೆ ಲಿಖಿತವಾಗಿ ನೀಡುವ ಪರಿಪಾಠ ಬೆಳೆಸಿಕೊಳ್ಳುವುದು ಅವರ ವ್ಯಾಪಾರಕ್ಕೂ ಹಿತಕರ. ವಾಣಿಜ್ಯ ಸಂಸ್ಥೆಗಳು ಸದಸ್ಯರಿಗಾಗಿ ಸಾಮೂಹಿಕ ಪರೀಕ್ಷಾ ಸೌಲಭ್ಯ ಹಾಗೂ ಅಲ್ಪಾವಧಿಯ ತರಬೇತಿ ಏರ್ಪಡಿಸಲು ಮುಂದಾಗಬೇಕು.

1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಸ್ಥಾಪನೆಯಾದ ಕಾಲದಲ್ಲಿ ಮೈಸೂರು ಸಂಸ್ಥಾನವು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಆ ವಿದ್ಯೆಯ ಅಧ್ಯಯನಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಿತ್ತು. ಗಂಧದೆಣ್ಣೆ ಕೈಯಲ್ಲಿದ್ದರೂ ವಿದ್ಯೆಯಿಲ್ಲದೆ ಸಾಬೂನು ಆಗದೆಂಬುದನ್ನು ಅಂದಿನವರು ಮನಗಂಡಿದ್ದರು. ಇಂದಿನ ಉದ್ಯಮಿಯು ವಿದ್ಯೆಗಾಗಿ ಅಷ್ಟು ದೂರ ಹೋಗಬೇಕಿಲ್ಲ. ದರಪಟ್ಟಿಯ ಪಕ್ಕದಲ್ಲಿ ಗುಣಪಟ್ಟಿಯನ್ನೂ ಇಟ್ಟು ಓದಿದರೆ ಸಾಕು.